ಗಿಳಿಮಗ್ಗದ ಅಳತೆ

ಯಲಗೂರಪ್ಪನಿಗೆ ಹೆಂಡತಿಯ ಮುಖಕ್ಕಿಂತ ಅವಳ ಕೈಗಳ ಮೇಲೆಯೇ ಹೆಮ್ಮೆ ಹೆಚ್ಚು. ಮದುವೆಯಾದ ಹೊಸತರಲ್ಲಿ ಇಚಲಕರಂಜಿಯ ಚಹಾದಂಗಡಿಯಲ್ಲಿ ಯಾರಾದರೂ ಸಿನಿಮಾದ ಮಾತೆತ್ತಿದರೆ ಸಾಕು, ಕಪ್ಪು ಕೆಳಗಿಟ್ಟು ಶುರು ಮಾಡುತ್ತಿದ್ದ. "ಗಿಳಿಮಗ್ಗದ ಸಿನಿಮಾ ನೋಡೀರೇನು? ಅದರಾಗ ನೇಯೋ ಕೈ ಅದಾವಲ್ಲ, ಅವು ನಮ್ಮ ಮನ್ಯಾಕಿವು!" ಕೇಳಿದವರು ಬಾಯಿಬಾಯಿ ಬಿಡುತ್ತಿದ್ದರು. ಅಷ್ಟಾದರೆ ಅವನಿಗೆ ಅವತ್ತಿನ ಊಟ ರುಚಿ.

ಆ ಸಿನಿಮಾಕ್ಕೆ ಮರಾಠಿಯಲ್ಲಿ ಮಾರುದ್ದದ ಹೆಸರೊಂದಿತ್ತು. ಈ ಗಡಿ ಸೀಮೆಯಲ್ಲಿ ಅದನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ಗಿಳಿಮಗ್ಗದ ಸಿನಿಮಾ ಎಂದರೆ ಎಲ್ಲರಿಗೂ ತಿಳಿಯುತ್ತಿತ್ತು. ಅದರ ನಾಯಕಿ ತನ್ನ ಮದುವೆಯ ಸೀರೆಯನ್ನು ತಾನೇ ನೇಯುತ್ತಾಳೆ. ಮಗ್ಗದ ಮೇಲಿನ ತೊಲೆಯ ಮೇಲೆ ಎರಡು ಮರದ ಗಿಳಿಗಳು. ಒಂದೊಂದು ಎಳೆ ಬಡಿದಾಗಲೂ ಅವು ಒಂದಕ್ಕೊಂದು ತಲೆಬಾಗುತ್ತವೆ. ಇವತ್ತಿಗೂ ಸೀರೆ ಅಂಗಡಿಯವರು ಚೀಲದ ಮೇಲೆ ಅದೇ ಮಗ್ಗದ ಚಿತ್ರ ಅಚ್ಚು ಹಾಕಿಸುತ್ತಾರೆ. ಮಗ್ಗ ಮಾತ್ರ ಯಾವತ್ತೋ ಹಾಳಾಗಿ ಹೋಯಿತು. ಅದನ್ನು ಮಾಡಿಸಿದ ಕೊಲ್ಲಾಪುರದ ಸಿನಿಮಾ ಕಂಪನಿ ಬಾಗಿಲು ಮುಚ್ಚಿದಾಗ ಹಳೇ ಸಾಮಾನಿನ ಜೊತೆ ಅದೂ ಹೋಗಿ ಯಾರದೋ ನೀರೊಲೆ ಸೇರಿರಬೇಕು. ನಾಯಕಿಗೆ ಲಾಳಿ ಹಿಡಿಯುವುದೂ ಬರುತ್ತಿರಲಿಲ್ಲವಂತೆ. ಹಾಗಾಗಿ ಹಾಡಿನಲ್ಲಿ ಮುಖ ಅವಳದು, ಹತ್ತಿರದಿಂದ ತೋರಿಸುವ ಹಸಿರು ಬಳೆಯ ಕೈಗಳು ಇನ್ನೊಬ್ಬಳವು. ಆ ಇನ್ನೊಬ್ಬಳು ನೇಕಾರರ ಮನೆಯ ಹುಡುಗಿ ಗಂಗುಬಾಯಿ, ಮುಂದೆ ಯಲಗೂರಪ್ಪನ ಹೆಂಡತಿಯಾದವಳು. ಓಣಿಗೆಲ್ಲ ಗೊತ್ತಿದ್ದ ಸಂಗತಿ ಇದು.

ಗಂಗುಬಾಯಿ ಹಿಂದಿನ ವರ್ಷ ಮಳೆಗಾಲದಲ್ಲಿ ಜ್ವರಕ್ಕೆ ಸಿಕ್ಕು ಹೋಗಿಬಿಟ್ಟಳು. ಅಷ್ಟು ಹೊತ್ತಿಗೆ ಯಲಗೂರಪ್ಪನೂ ಪವರ್‌ಲೂಮ್ ಕಾರಖಾನೆಯ ಜಾಬರ್ ಕೆಲಸ ಬಿಟ್ಟಿದ್ದ. ಕೆಟ್ಟ ಮಗ್ಗಗಳನ್ನು ರಿಪೇರಿ ಮಾಡುತ್ತ ಆಯಸ್ಸು ಕಳೆದವನಿಗೆ ಮನೆಯಲ್ಲಿ ಕೂತು ಏನು ಮಾಡಬೇಕೆಂದು ತಿಳಿಯಲಿಲ್ಲ. ಮಗಳು ಸಪನಾ ಹಾತಕಣಂಗಲೆಯಿಂದ ದಿನಾ ಸಂಜೆ ಫೋನ್ ಮಾಡಿ "ಊಟ ಆತೇನಪ್ಪಾ?" ಅನ್ನುತ್ತಿದ್ದಳು. ಆಗಿರದಿದ್ದರೂ ಆತವಾ ಅನ್ನುತ್ತಿದ್ದ.

ಗಂಗುಬಾಯಿಯ ಫೋಟೋಗಳು ಮನೆಯಲ್ಲಿ ಬೇಕಾದಷ್ಟಿದ್ದವು. ಆದರೆ ಫೋಟೋ ತೆಗೆಯುವಾಗ ಅವಳು ಯಾವತ್ತೂ ಉಸಿರು ಬಿಗಿಹಿಡಿದು, ಪೊಲೀಸ್ ಠಾಣೆಯಲ್ಲಿ ನಿಂತವಳ ಹಾಗೆ ನಿಲ್ಲುತ್ತಿದ್ದಳು. ಅವಳು ಅಲುಗಾಡುವುದನ್ನು ನೋಡಬೇಕೆಂದರೆ ಇಡೀ ಜಗತ್ತಿನಲ್ಲಿ ಉಳಿದದ್ದು ಆ ಹಾಡೊಂದೇ. ಮೊಬೈಲಿನಲ್ಲಿ ಅದನ್ನು ಹಚ್ಚಿಕೊಂಡು, ಪಕ್ಕದ ಮನೆಯವರಿಗೆ ಕೇಳಿಸಬಾರದೆಂದು ದನಿ ಬಂದ್ ಮಾಡಿ, ಕೈಗಳು ಬಂದಲ್ಲಿ ನಿಲ್ಲಿಸಿ, ಮತ್ತೆ ಹಿಂದಕ್ಕೆ ಒಯ್ದು ನೋಡುತ್ತಿದ್ದ. ಹೆಂಡತಿಯಿಲ್ಲದ ಮನೆ ಅವನನ್ನು ನುಂಗುವಂತಿತ್ತು. ಹಾಗೆ ನೋಡುತ್ತ ಒಂದು ದಿನ ಹೊಳೆಯಿತು: ಆ ಮಗ್ಗವನ್ನು ಇದ್ದದ್ದು ಇದ್ದಂತೆ ಮತ್ತೆ ಕಟ್ಟಿದರೆ ಗಂಗು ಕೂತ ಜಾಗವಾದರೂ ಮನೆಯಲ್ಲಿ ಇರುತ್ತದಲ್ಲ.

ಬಡಗಿ ಭೀಮಗೊಂಡ ಅವನ ಹಳೇ ಗೆಳೆಯ, ನಾಂದಣಿಯವನು. ಮಾತು ಕೇಳಿ ನಗಬೇಕೋ ಬೇಡವೋ ಅಂತ ಮುಖ ನೋಡಿದ.

"ಮಾಡೂಣಂತ. ಆದ್ರ ಅಳತಿ ಎಲ್ಲೈತಿ? ಮೊಬೈಲ್‌ನ್ಯಾಗ ತೊಲಿ ನನ್ನ ಬೆರಳಿನಷ್ಟ ಕಾಣಾಕತ್ತೈತಿ."

"ಅಳತಿ ನನ್ನ ಕಡೆ ಐತಿ," ಎಂದು ಯಲಗೂರಪ್ಪ ಒಳಗಿನಿಂದ ಒಂದು ಹಸಿರು ಗಾಜಿನ ಬಳೆ ತಂದ.

ಬಳೆಯ ಅಳತೆ ಹೆಣ್ಣುಮಕ್ಕಳ ಮನೆಯಲ್ಲಿ ಎಲ್ಲರಿಗೂ ಗೊತ್ತಿರುತ್ತದೆ. ಗಂಗುಬಾಯಿಯದು ಎರಡು ನಾಲ್ಕು, ಎಂದರೆ ಎರಡೂಕಾಲು ಇಂಚು ಅಗಲ. ಮದುವೆಯಲ್ಲಿ ಎಷ್ಟಿತ್ತೋ ಕೊನೆಯ ತನಕ ಅಷ್ಟೇ. 'ತಂಗೀ, ನಿನಗ ಮಕ್ಕಳ ಬಳಿ ತರಬೇಕು ನೋಡು' ಎಂದು ಬಳೆಗಾರ ಚೇಷ್ಟೆ ಮಾಡುತ್ತಿದ್ದ. ಸಿನಿಮಾದಲ್ಲಿ ತೊಟ್ಟದ್ದು ತನ್ನ ಕೈಯಲ್ಲಿದ್ದ ಬಳೆಗಳೇ ಎಂದು ಅವಳೇ ಹೇಳಿದ್ದಳು. ಹಾಗಿದ್ದ ಮೇಲೆ ಲೆಕ್ಕ ಸುಲಭ. ಮೊಬೈಲಿನ ಮೇಲೆ ಕಾಗದದ ಚೂರಿಟ್ಟು, ಒಂದು ಬಳೆಯ ಅಗಲ ಇಷ್ಟಾದರೆ ತೊಲೆ ಎಷ್ಟು ಬಳೆ ಉದ್ದ, ಕಾಲು ಎಷ್ಟು ಬಳೆ ಎತ್ತರ ಎಂದು ಅಳೆಯುತ್ತ ಹೋದ. ಊರಿನವರು ಇಂಚಿನಲ್ಲಿ ಅಳೆದರೆ ಇವನು ಹೆಂಡತಿಯಲ್ಲಿ ಅಳೆದ.

ಆ ಚಳಿಗಾಲ ಅವನು ಸುಖವಾಗಿದ್ದ ಎಂದರೂ ತಪ್ಪಿಲ್ಲ. ಭೀಮಗೊಂಡ ಸಾಗವಾನಿ ಕೊರೆದು ಕೊಡುತ್ತಿದ್ದ, ಇವನು ಉಜ್ಜಿ ಜೋಡಿಸುತ್ತಿದ್ದ. ಗಿಳಿಗಳ ಕೊಕ್ಕಿನ ಬಾಗು ಸರಿಬರಲಿಲ್ಲವೆಂದು ಮೂರು ಜೋಡಿ ಗಿಳಿ ಒಲೆಗೆ ಹೋದವು. ಭೀಮಗೊಂಡ ಇಲ್ಲದಾಗ ಯಲಗೂರಪ್ಪ ಮಾತಾಡುತ್ತ ಕೆಲಸ ಮಾಡುತ್ತಿದ್ದ. "ಇಲ್ಲಿ ನಿನ್ನ ಮೊಣಕೈ ಬರತೈತಿ ನೋಡು, ಹತ್ತಬಾರದಂತ ಮೂಲಿ ತಗದೇನಿ." ಬಾಗಿಲಲ್ಲಿ ಹಾದುಹೋಗುವವರು ಒಳಗೆ ಯಾರೋ ಬಂದಿದ್ದಾರೆಂದು ಇಣುಕುತ್ತಿದ್ದರು.

ಉಳಿದದ್ದು ಫಣಿ ಕೂರಿಸುವುದು. ಎಳೆಗಳನ್ನು ಹಾಯಿಸಿ ಬಡಿಯುವ, ಬಾಚಣಿಗೆಯಂಥ ಪಟ್ಟಿ ಅದು. ಹೊಸದು ಬೇಡವೆಂದು ರೆಂದಾಳದ ಹಳೇ ಕೈಮಗ್ಗದವರ ಹತ್ತಿರ ಸೀರೆಯ ಫಣಿಯೊಂದನ್ನು ಬೇಡಿ ತಂದ. ಚೌಕಟ್ಟಿಗೆ ಹಿಡಿದು ನೋಡಿದರೆ ಗೇಣಿನಷ್ಟು ಹೊರಗೆ ಚಾಚಿಕೊಂಡಿತು.

"ತಪ್ಪ ಕೊರದಿ," ಅಂದ ಯಲಗೂರಪ್ಪ.

"ನಾ ಯಾಕ ತಪ್ಪ ಕೊರೀಲಿ? ನೀ ಕೊಟ್ಟ ಅಳತಿ ಹಿಡದ ಕೊರದೇನಿ."

ಇಬ್ಬರೂ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಕೂಡಿಯೇ ಅಳೆದರು. ಭೀಮಗೊಂಡನದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಾಗಾದರೆ ಸಿನಿಮಾದ ಮಗ್ಗವೇ ಸಣ್ಣದಿತ್ತೇ? ಅದೂ ಇರಲಾರದು. ಹಾಡಿನ ಕೊನೆಗೆ ನಾಯಕಿ ಅದೇ ಮಗ್ಗದಿಂದ ಸೀರೆ ಬಿಚ್ಚಿಕೊಂಡು ಉಡುತ್ತಾಳೆ, ಹಿಮ್ಮಡಿ ಮುಚ್ಚುವಷ್ಟು ಉದ್ದಕ್ಕೆ ಅದು ಇಳಿಯುತ್ತದೆ. ಈ ಮಗ್ಗದಲ್ಲಿ ನೇಯ್ದದ್ದು ಮೊಣಕಾಲಿಗಿಂತ ಸ್ವಲ್ಪ ಕೆಳಗೆ ನಿಂತೀತು.

"ಗೊಂಬಿ ಮದವಿಗೆ ಸೀರಿ ನೇಯಾಕ ಆಗತೈತಿ ಬಿಡು," ಎಂದು ಭೀಮಗೊಂಡ ನಕ್ಕ. ಯಲಗೂರಪ್ಪ ನಗಲಿಲ್ಲ. ಅವನ ತಲೆಯಲ್ಲಿ ಲೆಕ್ಕ ತಿರುವುಮುರುವಾಗಿ ಓಡತೊಡಗಿತ್ತು. ಫಣಿ ಸರಿಯೆಂದು ಇಟ್ಟುಕೊಂಡು ಅದರಿಂದ ಬಳೆಯನ್ನು ಅಳೆದರೆ? ಅಳೆದ. ಸಿನಿಮಾದ ಕೈಯಲ್ಲಿದ್ದ ಬಳೆ ದಪ್ಪ ಕೈಯವರ ಎರಡು ಹತ್ತು ಅಂತ ಬಂತು. ಹುಡುಗಿಯಾಗಿದ್ದಾಗ ಗಂಗುವಿನ ಕೈ ಇನ್ನೂ ಸಣ್ಣದಿರಬೇಕೇ ಹೊರತು ದೊಡ್ಡದಿರಲು ಸಾಧ್ಯವಿಲ್ಲ.

ಎರಡು ಹತ್ತು. ಸಪನಾಳ ಮದುವೆಯಲ್ಲಿ ಹೆಂಗಸರಿಗೆಲ್ಲ ಬಳೆ ಇಡಿಸುವಾಗ ಬಳೆಗಾರನ ಹತ್ತಿರ ಒಬ್ಬಳಿಗೆ ಮಾತ್ರ ಅಳತೆಯ ಬಳೆ ಇರಲಿಲ್ಲ. ಪೇಟೆಗೆ ಆಳು ಕಳಿಸಿ ಎರಡು ಹತ್ತು ತರಿಸಿದ್ದರು. ಗಂಗುವಿನ ಅಕ್ಕ ಅನ್ನವ್ವ ಅವಳು.

ಮರುದಿನ ಯಲಗೂರಪ್ಪ ಗಡಹಿಂಗ್ಲಜದ ಬಸ್ಸು ಹಿಡಿದ. ಬೇಡ, ಇಳಿದು ಹಿಂದಿರುಗು ಎಂದು ಮನಸ್ಸು ದಾರಿಯುದ್ದಕ್ಕೂ ಹೇಳಿತು. ಗೊತ್ತಾಗದೆ ಇದ್ದರೆ ಕೈಗಳಾದರೂ ಉಳಿಯುತ್ತಿದ್ದವು. ಆದರೆ ಒಂದು ನಟ್ಟು ಸಡಿಲಿದ್ದರೂ ಮಗ್ಗ ಬಿಟ್ಟು ಏಳದವನು ಅವನು; ಇದನ್ನು ಬಿಡುವುದು ಅವನ ಕೈಲಾಗಲಿಲ್ಲ.

ಅನ್ನವ್ವನ ಗಂಡ ಬಸವಣ್ಣೆಪ್ಪನದು ತಲೆತಲಾಂತರದ ಕಿರಾಣಿ ಅಂಗಡಿ, ಹಿಂದೆಯೇ ಮನೆ. ಅವನು ಗಿರಾಕಿಗಳ ನಡುವಿನಿಂದಲೇ ಬರ್ರಿ ಬರ್ರಿ ಎಂದು ಒಳಗೆ ಕಳಿಸಿದ. ಹಿತ್ತಲಲ್ಲಿ ಅನ್ನವ್ವ ಕಾಳು ಹಸನು ಮಾಡುತ್ತ ಕೂತಿದ್ದಳು. ಯಲಗೂರಪ್ಪ ಮೊರದ ಮೇಲಿನ ಅವಳ ಕೈಗಳನ್ನು ನೋಡಿದ. ವಯಸ್ಸಾಗಿತ್ತು, ಗೆಣ್ಣು ಊದಿದ್ದವು. ಆದರೂ ಎಡಗೈಯ ಕಿರುಬೆರಳು ಹಾಡಿನಲ್ಲಿ ಹೇಗೋ ಹಾಗೆ ಬೇರೆಯಾಗಿ ನಿಂತಿತ್ತು. ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದ.

"ಅಕ್ಕಾರ, ಸಿನಿಮಾದಾಗ ನೇಯ್ದಾಕಿ ಯಾರ್ರಿ?"

ಅವಳು ಅಂಗಡಿಯ ಕಡೆ ನೋಡಿ ದನಿ ತಗ್ಗಿಸಿದಳು. "ನಾನ ರೀ. ಗಂಗು ನನಗ ದಾರದ ಕಂಡಿಕಿ ಸುತ್ತಿ ಕೊಡಾಕಿ. ಕ್ಯಾಮೆರಾದ ಹಿಂದ ಮೂಲ್ಯಾಗ ಕುಂತಿದ್ಲು, ಪಾಪ. ಆಕಿ ಎಲ್ಲೂ ಬಂದಿಲ್ಲ."

"ಮತ್ತ ತನ್ನ ಕೈ ಅಂತ ಯಾಕ ಅಂದ್ಲು?"

"ಸಿನಿಮಾ ಥೇಟರಿಗೆ ಬರೂದ್ರಾಗ ಈ ಮನಿಗೆ ನನ್ನ ನಿಶ್ಚೇ ಆತು. ಭಾಳ ಮರ್ಯಾದಿ ಮಂದಿ. ಹುಡಗಿ ಸಿನಿಮಾದಾಗ ಮಾಡ್ಯಾಳಂತ ತಿಳಿದ್ರ ಮುರದ ಹೋಗತಿತ್ತು. ಆದ್ರ ಕೊಲ್ಲಾಪುರದ ಮೋಟಾರು ನಮ್ಮ ಬಾಗಲಿಗೆ ಬಂದದ್ದನ್ನ ಓಣಿನ ನೋಡಿತ್ತು. ಅಪ್ಪ ಗಂಗೂನ ಕುಂದರಿಸಿಕೊಂಡು ಆಣಿ ಹಾಕಿಸಿದ. ಯಾರ ಕೇಳಿದ್ರೂ ನನ್ನ ಕೈ ಅನ್ನು, ನೀ ಸಣ್ಣಾಕಿ, ನಿನಗ ಯಾರೂ ಏನೂ ಅನ್ನೂದಿಲ್ಲ ಅಂದ."

"ನನಗರ ಹೇಳಬೇಕಿತ್ತು," ಅಂದ ಯಲಗೂರಪ್ಪ.

"ಮದವಿ ಆದ ಮ್ಯಾಲ ಹೇಳತೇನಿ ಅಂದಿದ್ಲು. ನೀವರ ಏನ ಕಮ್ಮಿ? ವಾರದಾಗ ಇಚಲಕರಂಜಿ ತುಂಬ ಸಾರಿಕೊಂತ ಅಡ್ಡಾಡಿದ್ರಿ. ಆಮ್ಯಾಲ ಯಾವ ಬಾಯಿಲೆ ಹೇಳತಾಳ್ರಿ?" ಅನ್ನವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇವರಿಗೆ ಇನ್ನೂ ಗೊತ್ತಿಲ್ಲ. ಇಷ್ಟ ವರ್ಷ ಮುಚ್ಚಿಟ್ಟಳಂತ ತಿಳಿದ್ರ ನನ್ನ ಮುಖಾ ನೋಡೂದಿಲ್ಲ. ಕೈ ಮುಗೀತೇನಿ, ಹೇಳಬ್ಯಾಡ್ರಿ."

"ಇಲ್ರಿ," ಅಂದ. ಚಹಾ ಕುಡಿದು ಬಸ್ಸಿಗೆ ಹೊರಟ.

ಊರಿಗೆ ಬಂದವನು ಮೊಬೈಲ್ ತೆಗೆದು ಹಾಡು ಹಚ್ಚಿದ. ಕೈಗಳು ನೇಯುತ್ತಲೇ ಇದ್ದವು. ಚಂದದ ಕೈಗಳೇ, ಆದರೆ ಅವನಿಗೆ ಏನೂ ಆಗಬೇಕಾದವಲ್ಲ. ಚಿತ್ರದ ಅಂಚಿನಲ್ಲಿ ಎಲ್ಲಾದರೂ ಒಂದು ನೆರಳು, ಲಂಗದ ಚುಂಗು ಕಂಡೀತೇ ಎಂದು ಹುಡುಕಿದ. ಕ್ಯಾಮೆರಾದ ಹಿಂದೆ ಕೂತವಳು ಎಲ್ಲಿಂದ ಕಾಣಬೇಕು? ಗಂಗು ಎರಡನೆಯ ಸಲ ಹೋದಂತಾಯಿತು. ಈ ಸಲ ಹೋಗುವಾಗ ಅಳಲು ಮಂದಿಯೂ ಇರಲಿಲ್ಲ.

ಮಗ್ಗವನ್ನು ಹಾಗೇ ಬಿಡಬಹುದಿತ್ತು. ಬಿಟ್ಟರೆ ಯಾಕೆ ಅಂತ ಓಣಿ ಕೇಳುತ್ತದೆ. ಭೀಮಗೊಂಡನಿಗೆ "ಬಳಿ ಲೆಕ್ಕ ನನ್ನದ ತಪ್ಪಿತ್ತು" ಎಂದಷ್ಟೇ ಹೇಳಿ, ಎರಡು ಹತ್ತರ ಅಳತೆಗೆ ಎಲ್ಲವನ್ನೂ ಮತ್ತೆ ಕೊರೆಸಿದ. ಈ ಸಲ ಉಜ್ಜುವಾಗ ಮಾತಾಡಲಿಲ್ಲ. ಅನ್ನವ್ವನ ಮೊಣಕೈಗೆ ಇವನು ಏನು ಹೇಳಬೇಕು? ಫಣಿ ಚೌಕಟ್ಟಿನಲ್ಲಿ ತಾನಾಗಿ ಕೂತಿತು. ಮೊಬೈಲನ್ನು ಕಣ್ಣೆದುರು ಹಿಡಿದು ನೋಡಿದರೆ ಕಾಲಿಗೆ ಕಾಲು, ತೊಲೆಗೆ ತೊಲೆ ಸರಿಯಾಗಿ ಬಿದ್ದವು. ಬಡಿದರೆ ಗಿಳಿಗಳು ತಲೆಬಾಗಿದವು. ಭೀಮಗೊಂಡ ಚಪ್ಪಾಳೆ ತಟ್ಟಿ ಕುಣಿದೇಬಿಟ್ಟ.

ರವಿವಾರ ಸಪನಾ ಬಂದಳು. ಮಗ್ಗದ ಕೂರುವ ಹಲಗೆಯನ್ನು ಮುಟ್ಟಿ ನಿಂತಳು. "ಅವ್ವ ಇಲ್ಲೇ ಕುಂತಿದ್ಲೇನಪ್ಪಾ?"

"ಹೌದವಾ. ಇಲ್ಲೇ."

ಅವಳು ಹಲಗೆಯ ಮೇಲೆ ತಲೆಯಿಟ್ಟು ಅತ್ತಳು. ಅತ್ತು ಹಗುರಾಗಿ, ಅಪ್ಪನನ್ನು ಮಗ್ಗದ ಪಕ್ಕ ನಿಲ್ಲಿಸಿ ಫೋಟೋ ತೆಗೆದು ಬೀಗರು ನೆಂಟರಿಗೆಲ್ಲ ಕಳಿಸಿದಳು. ಹೊಗಳಿಕೆಗಳು ಬರತೊಡಗಿದವು. ಸ್ವಲ್ಪ ಹೊತ್ತಿಗೆ ಗಡಹಿಂಗ್ಲಜದಿಂದ ಫೋನೇ ಬಂತು. ಬಸವಣ್ಣೆಪ್ಪನದು. ಮಗಳು ದನಿ ದೊಡ್ಡದು ಮಾಡಿ ಅಪ್ಪನ ಮುಂದೆ ಹಿಡಿದಳು.

"ಭಲೇ ಯಲಗೂರಪ್ಪಾರ! ಗಂಗವ್ವನ ಹೆಸರು ಉಳಿಸಿದ್ರಿ ನೋಡ್ರಿ. ಎಂಥಾ ಕೈ ಅವು! ನಮ್ಮಾಕಿನೂ ಅದ ಮನ್ಯಾಗ ಹುಟ್ಟ್ಯಾಳ, ಒಂದ ಗುಂಡಿ ನೆಟ್ಟಗ ಹಚ್ಚಾಕ ಬರೂದಿಲ್ಲ. ಈಗ ಅದನ್ನ ಅನ್ನಾಕತ್ತಿದ್ದೆ, ತಂಗೀನ್ನ ನೋಡಿ ಕಲೀಬೇಕಿತ್ತು ಅಂತ!" ಅವನು ಮನಸಾರೆ ನಕ್ಕ. ಅವನ ಹಿಂದೆ ಎಲ್ಲೋ ಪಾತ್ರೆ ತೊಳೆಯುವ ಸದ್ದು ಕೇಳುತ್ತಿತ್ತು. ಅದು ನಿಂತಿತು.

ಸಪನಾ ಒದ್ದೆ ಕಣ್ಣಿನಲ್ಲೇ ನಗುತ್ತ ಅಪ್ಪನನ್ನು ನೋಡುತ್ತಿದ್ದಳು.

"ಹೌದ್ರಿ," ಅಂದ ಯಲಗೂರಪ್ಪ. "ಆಕಿ ಕೈಗುಣಾನ ಅಂಥಾದ್ದಿತ್ತು."

ಮಗಳು ಚಹಾ ಮಾಡಲು ಒಳಗೆ ಹೋದಳು. ಅವನು ಮಗ್ಗದ ಎದುರು ಕೂತ. ಒಂದೇ ಒಂದು ದಿನ ಈ ಸುಳ್ಳು ಹೇಳಿದ್ದಕ್ಕೆ ಎದೆ ಇಷ್ಟು ಭಾರವಾಗಿದೆ. ಗಂಗು ಇದನ್ನು ಬಾಳೆಲ್ಲ ಹೇಳಿದ್ದಳು, ಅದೂ ಮಗ್ಗುಲಲ್ಲಿ ಗಂಡ ಮೀಸೆ ತಿರುವುತ್ತ ಕೂತಿರುವಾಗ. ಈ ಮನೆಯಲ್ಲಿ ಆ ಸುಳ್ಳಿನ ಜೊತೆ ಅವಳು ಒಬ್ಬಳೇ ಇದ್ದಳು, ಅವನು ಇದ್ದೂ ಇರಲಿಲ್ಲ. ನನಗೆ ಗೊತ್ತಾಗಿದೆ, ಇನ್ನು ಮೇಲೆ ನನ್ನ ಮುಂದೆ ಹಾಗೆ ಹೇಳಬೇಕಾಗಿಲ್ಲ ಎಂದು ಅವಳಿಗೆ ಹೇಳಬೇಕೆನಿಸಿತು. ಅದನ್ನು ಬೇರೆ ಯಾರಿಗೂ ಹೇಳುವಂತಿರಲಿಲ್ಲ.