ಬೆಳ್ಳುಳ್ಳಿಯಿಲ್ಲದ ಮನೆಯಲ್ಲಿ ಬೆಳ್ಳುಳ್ಳಿಯ ವಾಸನೆ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಕಲಬುರ್ಗಿಯ ಬ್ರಹ್ಮಪುರದ ಹಳೆಯ ಮನೆಯೊಂದರ ಅಡುಗೆಮನೆಯಲ್ಲಿ ಪಾರ್ವತೀಬಾಯಿ ಕಡ್ಡಿಪೆಟ್ಟಿಗೆ ಹಿಡಿದು ನಿಂತಿದ್ದಾರೆ. ಸ್ನಾನ ಮುಗಿದು ಮಡಿಯುಟ್ಟಾಗಿದೆ. ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿಯಾಗಿದೆ. ಕಡ್ಡಿ ಗೀರುವುದೊಂದೇ ಬಾಕಿ. ಅಷ್ಟರಲ್ಲಿ ಹೊಸ್ತಿಲಿನ ಆಚೆಯಿಂದ ಒಂದು ದನಿ, ಏರದೆ, ಅವಸರಪಡದೆ ಬರುತ್ತದೆ.

"ಬಾಯಾರ, ಕಡ್ಡಿ ಗೀರಬ್ಯಾಡ್ರಿ. ಪೆಟ್ಟಿಗಿ ಹಿತ್ತಲದಾಗ ಇಟ್ಟು ಬರ್ರಿ."

ದನಿ ಅಮೋಘಪ್ಪನವರದು. ಗ್ಯಾಸ್ ಒಲೆ ದುರಸ್ತಿ ಅವರ ಕಸುಬು. ಒಲೆಯ ಉರಿ ಕೆಂಪಗಾಗಿ ಪಾತ್ರೆಗಳ ತಳ ಕಪ್ಪಾಗುತ್ತಿದೆ, ಹೊಸ ಒಲೆ ಕೊಳ್ಳಬೇಕೇ ಎಂದು ಪಾರ್ವತೀಬಾಯಿಯವರೇ ಅವರಿಗೆ ಹೇಳಿಕಳುಹಿಸಿದ್ದರು. ಮನೆಯಾಕೆ ಮಡಿಯುಡುವ ಮುನ್ನವೇ ಕೆಲಸ ಮುಗಿಸಿ ಹೊರಬೀಳುವುದು ಅವರ ರೂಢಿ. ಮಡಿಯುಟ್ಟ ಮೇಲೆ ಈ ಅಡುಗೆಮನೆಯೊಳಗೆ ಸ್ವಂತ ಮಗ ಗುರುರಾಜನಿಗೂ ಪ್ರವೇಶವಿಲ್ಲ. ಇಂದು ಬಸ್ಸು ತಡವಾಗಿ ಬಂದಿದೆ. ಹೊಸ್ತಿಲಾಚೆ ಕುಕ್ಕರಗಾಲಲ್ಲಿ ಕುಳಿತು ಚೀಲ ಬಿಚ್ಚುವಾಗ ಅವರ ಮೂಗಿಗೆ ವಾಸನೆ ಬಡಿದಿದೆ.

ಪಾರ್ವತೀಬಾಯಿ ಪೆಟ್ಟಿಗೆ ಕೆಳಗಿಡುವುದಿಲ್ಲ. "ಅದು ಗ್ಯಾಸಲ್ಲೋ ಅಮೋಘಪ್ಪ. ಮ್ಯಾಲಿನಾಕಿ ಬೆಳ್ಳೊಳ್ಳಿ ಒಗ್ಗರಣಿ. ಎಂಟು ದಿನದಿಂದ ನಡದದ. ನಾ ಒಲಿ ಮುಂದ ನಿಂತೆ ಅಂದರ ಆಕೀನೂ ಹಚ್ಚತಾಳ. ಇವತ್ತಿಗೆ ಮುಗೀತು ತಗೋ."

ಮುಗಿಯುವುದೆಂದರೇನೆಂಬುದು ಮೆಟ್ಟಿಲಿನ ಬುಡದಲ್ಲಿ ಕಾಣುತ್ತಿದೆ. ಹಗ್ಗ ಬಿಗಿದ ತಗಡಿನ ಟ್ರಂಕು, ಸುತ್ತಿದ ಹಾಸಿಗೆ. ಮಹಡಿಯ ಕೋಣೆಯ ಬಾಡಿಗೆದಾರಳು ಭೀಮಬಾಯಿ, ಮಹಾಗಾಂವದ ಹುಡುಗಿ. ಓಣಿಯ ಶಾಲೆಯಲ್ಲಿ ಶಿಕ್ಷಕಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮನೆಯೊಳಗೆ ತರುವುದಿಲ್ಲವೆಂದು ಮಾತು ಕೊಟ್ಟು ಕೋಣೆ ಹಿಡಿದವಳು. ಮಾತು ತಪ್ಪಿದಳೆಂಬ ಆರೋಪಕ್ಕೆ ಎಂಟು ಗಂಟೆಗೆ ಟೆಂಪೊ ಬರಲಿದೆ. ಒಂಟಿ ಹೆಣ್ಣಿಗೆ ಇನ್ನೊಂದು ಕೋಣೆ ಸಿಗುವವರೆಗೆ ದಿನವೂ ಊರಿನಿಂದ ಬಸ್ಸಿನಲ್ಲಿ ಓಡಾಡಬೇಕು.

ಕಡ್ಡಿಪೆಟ್ಟಿಗೆ ಇನ್ನೂ ಪಾರ್ವತೀಬಾಯಿಯವರ ಕೈಯಲ್ಲೇ ಇದೆ. ಆದರೆ ಅವರು ಗೀರುವುದಿಲ್ಲ. ಕಾರಣ, ತಡೆದವರು ಅಮೋಘಪ್ಪ.

ಈ ತೊಂಬತ್ತೆಂಟನೆಯ ಇಸವಿಗೆ ಅವರು ನಟ್ಟು ಬಿಗಿಯುವ ಪಾನಾ ಹಿಡಿದು ಹದಿನೈದು ವರ್ಷ. ಕಮಲಾಪುರದ ಮನೆಯಿಂದ ಮೊದಲ ಬಸ್ಸು, ಕಲಬುರ್ಗಿಯಲ್ಲಿ ಸೈಕಲ್ಲು; ದಿನಕ್ಕೆ ಹತ್ತು ಹನ್ನೆರಡು ಮನೆ, ಸಂಜೆಗೆ ಮತ್ತೆ ಬಸ್ಸು. ಅವರ ಎಡಗಣ್ಣಿನ ಮೇಲೆ ಹುಬ್ಬಿಲ್ಲ. ಕಸುಬು ಕಲಿಸಿದ ಉಸ್ತಾದರು ಉರಿಯುವ ಕಡ್ಡಿ ಹಿಡಿದು ಸೋರಿಕೆ ಹುಡುಕುತ್ತಿದ್ದರು. ಶಿಷ್ಯನೂ ಹಾಗೇ ಹುಡುಕಿದ. ಮೊದಲ ವರ್ಷವೇ ಹೋದ ಹುಬ್ಬು ಮರಳಿ ಬರಲಿಲ್ಲ. ಅಂದಿನಿಂದ ಸಾಬೂನಿನ ನೊರೆಯೇ ಅವರ ಪರೀಕ್ಷೆ. ನೊರೆಯಲ್ಲಿ ಗುಳ್ಳೆ ಎದ್ದರೆ ಸೋರಿಕೆ. ಬ್ರಹ್ಮಪುರದಲ್ಲಿ ಅದಕ್ಕೂ ತಡೆ ಬಂತು. ಸಾಬೂನಿನಲ್ಲಿ ಕೊಬ್ಬಿರುತ್ತದೆ, ಒಲೆಗೆ ಮುಟ್ಟಿಸಬೇಡ ಎಂದರು ಹಿರಿಯರು. ಅಮೋಘಪ್ಪ ವಾದಿಸಲಿಲ್ಲ. ಅದೇ ಮನೆಗಳಲ್ಲಿ ರೇಷ್ಮೆ ಒಗೆಯಲು ಬಳಸುವ ಅಂಟುವಾಳದ ಕಾಯಿ ನೆನೆಸಿ ನೊರೆ ತೆಗೆದರು. ಗುಳ್ಳೆಗಳು ಇನ್ನೂ ಚೆನ್ನಾಗಿ ಎದ್ದವು.

ಅದೇ ಊರಿನ ರೋಜಾ ಬಡಾವಣೆಯಲ್ಲಿ ಅವರ ಲೆಕ್ಕಾಚಾರವೇ ಬೇರೆ. ಅಲ್ಲಿನ ಕರೀಂಸಾಬರು ಮನೆಮಂದಿಗೆ ಕಬಾಬ್ ಸುಡಲು ಗ್ಯಾಸಿನ ಜಾಲರಿ ಒಲೆ ಕೊಳ್ಳಹೊರಟಾಗ ಅಮೋಘಪ್ಪನವರನ್ನು ಕರೆದೊಯ್ದರು. ಮೂರು ಅಂಗಡಿ ಸುತ್ತಿದ ಅಮೋಘಪ್ಪ ಹೊಳಪನ್ನು ನೋಡಲೇ ಇಲ್ಲ; ಒಲೆ ಎತ್ತಿ ತೂಕ ನೋಡಿದರು, ಕಾಲು ಅಲುಗಿಸಿದರು, ಉರಿ ಏರಿಸಿ ಇಳಿಸುವ ಗುಬ್ಬಿಗಳನ್ನು ಇಪ್ಪತ್ತು ಸಲ ತಿರುಗಿಸಿದರು. ಸೊಸೆಯನ್ನು ಆರಿಸುವಾಗಲೂ ನಮ್ಮವರು ಇಷ್ಟು ನೋಡಿರಲಿಲ್ಲವೆಂದು ಕರೀಂಸಾಬರ ಬೀಬಿ ಫರೀದಾ ಇಂದಿಗೂ ನಗುತ್ತಾರೆ. ಒಲೆ ತಗಡಿನ ಮಾಡಿನ ಕೆಳಗಲ್ಲ, ಬಯಲು ಮಾಳಿಗೆಯ ಮೇಲೆ. ಸಿಲಿಂಡರ್ ಅದರ ಹೊಟ್ಟೆಯಡಿಯಲ್ಲಲ್ಲ, ದೂರಕ್ಕೆ, ನೆಟ್ಟಗೆ. ಒಲೆಯ ಮುಚ್ಚಳ ಪೂರ್ತಿ ತೆರೆದ ಮೇಲೆಯೇ ಗ್ಯಾಸು ಬಿಡಬೇಕು. ಈ ಮೂರು ಮಾತು ಒಪ್ಪಿದ ಮೇಲೆಯೇ ಅವರು ಟ್ಯೂಬು ಜೋಡಿಸಿದ್ದು.

ಬ್ರಹ್ಮಪುರದ ಹೊಸ್ತಿಲಲ್ಲಿ ಅಮೋಘಪ್ಪ ಎದ್ದು ನಿಲ್ಲುತ್ತಾರೆ, ಮತ್ತೆ ಕೂರುತ್ತಾರೆ. ಇನ್ನೊಮ್ಮೆ ಎದ್ದು, ಇನ್ನೊಮ್ಮೆ ಕೂರುತ್ತಾರೆ. ಇವನಿಗೇನಾಯಿತೆಂದು ಪಾರ್ವತೀಬಾಯಿ ನೋಡುತ್ತಿದ್ದಾರೆ.

"ಬಾಯಾರ, ನಿಂತರ ವಾಸನಿ ಕಮ್ಮಿ, ಕುಂತರ ಜಾಸ್ತಿ. ಮ್ಯಾಲಿನ ಮನಿ ಒಗ್ಗರಣಿ ಇಳಿದು ಬಂದು ನಿಮ್ಮ ನೆಲದ ಮ್ಯಾಲೆ ಕೂಡ್ತದೇನ್ರಿ? ನೆಲ ಹಿಡದು ಕೂಡೂದು ಗ್ಯಾಸ್ ಒಂದೇ. ಸೋರಿದ್ದು ಗೊತ್ತಾಗ್ಲಿ ಅಂತ ಅದಕ್ಕ ಹಾಕೂ ವಾಸನೀನೂ ಬೆಳ್ಳೊಳ್ಳಿ ಹಂಗೇ ಇರ್ತದ."

ಕಡ್ಡಿಪೆಟ್ಟಿಗೆ ಹಿತ್ತಲಿಗೆ ಹೋಗುತ್ತದೆ. ಮುಂದಿನದೆಲ್ಲ ಹೊಸ್ತಿಲಿಂದಲೇ ಅಮೋಘಪ್ಪ ಒಂದೊಂದಾಗಿ ಹೇಳುತ್ತಾರೆ, ಪಾರ್ವತೀಬಾಯಿ ಮಾಡುತ್ತಾರೆ. ರೆಗ್ಯುಲೇಟರ್ ಬಂದ್. ಕಿಟಕಿ, ಹಿಂಬಾಗಿಲು ತೆರೆದಾಯಿತು. ದೀಪದ ಗುಂಡಿ ಮುಟ್ಟುವಂತಿಲ್ಲ, ದೇವರ ಮುಂದಿನ ದೀಪವೂ ಕಾಯಬೇಕು. ಗಾಳಿ ಆಡಿ ವಾಸನೆ ಪೂರ್ತಿ ಹೋಗುವವರೆಗೆ ಇಬ್ಬರೂ ಕಾಯುತ್ತಾರೆ. ಆಮೇಲೆ ಪಾರ್ವತೀಬಾಯಿಯವರದೇ ಡಬ್ಬಿಯ ಅಂಟುವಾಳ, ಅವರದೇ ಬಟ್ಟಲು, ಅವರದೇ ಕೈ. ನೊರೆಯನ್ನು ಟ್ಯೂಬಿನ ಉದ್ದಕ್ಕೂ ಸವರಿ, ರೆಗ್ಯುಲೇಟರನ್ನು ಒಂದೇ ಕ್ಷಣ ತೆರೆಯಬೇಕು.

ಒಲೆಗೆ ಸೇರುವ ಟ್ಯೂಬಿನ ಕುತ್ತಿಗೆಯಲ್ಲಿ ಒಂದು ಗುಳ್ಳೆ ಏಳುತ್ತದೆ. ಒಡೆಯುತ್ತದೆ. ಅದರ ಹಿಂದೆ ಇನ್ನೊಂದು.

ರೆಗ್ಯುಲೇಟರ್ ಮತ್ತೆ ಬಂದ್ ಆಗುತ್ತದೆ. ಎಂಟು ತಿಂಗಳ ಹಿಂದಷ್ಟೇ ಹಾಕಿದ ಟ್ಯೂಬು ಇದು. ಎರಡು ವರ್ಷ ಬಾಳಬೇಕಾದದ್ದು. ಹೇಗೆ ಸವೆಯಿತೆಂದು ಕೇಳಿದರೆ ಪಾರ್ವತೀಬಾಯಿ ಹೆಮ್ಮೆಯಿಂದಲೇ ಹೇಳಿಬಿಡುತ್ತಾರೆ: ಮಡಿಗೆ ಬೇಕೆಂದು ದಿನವೂ ತಾಮ್ರದ ಬಿಂದಿಗೆಯ ಜೊತೆಗೆ ಒಲೆ, ಟ್ಯೂಬು ಎಲ್ಲವನ್ನೂ ಹುಣಸೆಹಣ್ಣು, ಬೂದಿ ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ಬೆಳಗುತ್ತಾರೆ. ಉರಿ ಕೆಂಪಾದದ್ದೂ ಆ ಬೂದಿಯಿಂದಲೇ; ಬರ್ನರಿನ ತೂತುಗಳೆಲ್ಲ ಮುಚ್ಚಿವೆ. ಹೊಸ ಒಲೆಯ ಅಗತ್ಯವೇ ಇಲ್ಲ. ಒಂದು ಪಿನ್ನು, ಹೊಸ ಟ್ಯೂಬು, ಒರೆಸಲು ಒದ್ದೆ ಬಟ್ಟೆ ಸಾಕು.

"ಟ್ಯೂಬ್ ನಿಮಗ ಹಾಕಲಾಕ ಬರೂದಿಲ್ರಿ," ಎನ್ನುತ್ತಾರೆ ಅಮೋಘಪ್ಪ. "ಮಧ್ಯಾಹ್ನ ಬರ್ತೀನಿ. ಅಲ್ಲಿತನಕ ಒಲಿ ಹಚ್ಚಬ್ಯಾಡ್ರಿ."

ಪಾರ್ವತೀಬಾಯಿ ಸವೆದ ಟ್ಯೂಬನ್ನೂ ಹೊಸ್ತಿಲನ್ನೂ ಒಮ್ಮೆ ನೋಡುತ್ತಾರೆ. "ಬಾ ಒಳಗ. ಇನ್ನೊಮ್ಮೆ ಸ್ನಾನ ಮಾಡಿ ಮಡಿ ಉಟ್ಟರಾತು."

ಹದಿನೈದು ವರ್ಷದಲ್ಲಿ ಮಡಿಯ ಹೊತ್ತಿನಲ್ಲಿ ಅಮೋಘಪ್ಪ ಅಡುಗೆಮನೆಯೊಂದರೊಳಗೆ ಕಾಲಿಟ್ಟದ್ದು ಇದೇ ಮೊದಲು. ಒಳಹೋಗುವ ಮುನ್ನ ಕಾಲು ತೊಳೆದುಕೊಳ್ಳುತ್ತಾರೆ, ಎರಡು ಸಲ. ಕಾಲು ಗಂಟೆಯಲ್ಲಿ ಹೊಸ ಟ್ಯೂಬು ಕೂರುತ್ತದೆ. ನೊರೆಯಲ್ಲಿ ಈಗ ಒಂದು ಗುಳ್ಳೆಯೂ ಇಲ್ಲ. ಉರಿ ನೀಲಿಯಾಗಿ ನಿಲ್ಲುತ್ತದೆ.

ಏಳೂವರೆಗೆ ಭೀಮಬಾಯಿ ಕೋಣೆಯ ಬೀಗದ ಕೈ ಒಪ್ಪಿಸಲು ಇಳಿದು ಬರುತ್ತಾಳೆ. ಪಾರ್ವತೀಬಾಯಿ ಕೈ ಚಾಚುವುದಿಲ್ಲ. "ಟ್ರಂಕ್ ಮ್ಯಾಲೆ ಒಯ್ಯಿ. ಸಾಲಿ ಬಿಟ್ಟ ಮ್ಯಾಲೆ ಊಟಕ್ಕ ಕೆಳಗ ಬಾ," ಎಂದಷ್ಟೇ ಹೇಳಿ ಎರಡನೆಯ ಸ್ನಾನಕ್ಕೆ ಹೊರಡುತ್ತಾರೆ. ಹೋಗುತ್ತ ಅಮೋಘಪ್ಪನವರತ್ತ ತಿರುಗಿ, ಹುಟ್ಟಿದಾಗಿನಿಂದ ಮನೆಯಲ್ಲಿ ಬೆಳ್ಳುಳ್ಳಿ ಕಂಡವರಲ್ಲ ನಾವು, ಯಾವ ವಾಸನೆ ಯಾವುದೆಂದು ಹೇಗೆ ತಿಳಿಯಬೇಕು ಎಂದು ತುಸು ಮುನಿಸಿನಿಂದಲೇ ಕೇಳುತ್ತಾರೆ.

"ಅದು ತಿಳಿಯೂದು ನಿಮಗಿದ್ದಷ್ಟು ಸಸಾರ ಯಾರಿಗಿಲ್ರಿ ಬಾಯಾರ. ಉಳದ ಮನ್ಯಾಗ ಬೆಳ್ಳೊಳ್ಳಿ ವಾಸನಿ ಬಂದರ ಅದು ಸಾರೋ ಗ್ಯಾಸೋ ಅಂತ ವಿಚಾರ ಮಾಡಬೇಕು. ನಿಮ್ಮಲ್ಲಿ ಬಂದರ ಅದು ಗ್ಯಾಸೇ."

ಪಾರ್ವತೀಬಾಯಿಗೆ ನಗು ತಡೆಯಲಾಗುವುದಿಲ್ಲ. ಭೀಮಬಾಯಿಯಂತೂ ಟ್ರಂಕಿನ ಮೇಲೆ ಕುಳಿತೇ ನಗುತ್ತಾಳೆ. ಆಮೇಲೆ ಅಮೋಘಪ್ಪ ಟ್ರಂಕಿನ ಒಂದು ತುದಿ ಹಿಡಿಯುತ್ತಾರೆ, ಅವಳು ಇನ್ನೊಂದು. ಮೆಟ್ಟಿಲು ಹತ್ತುತ್ತ ಅವಳು, ಕಾಕಾ, ನಿಮ್ಮ ಹೆಸರು ಪೇಪರಿನಲ್ಲಿ ಬರಬೇಕು ಎನ್ನುತ್ತಾಳೆ. ಅಮೋಘಪ್ಪ ಹುಬ್ಬಿಲ್ಲದ ಕಣ್ಣನ್ನು ಕಿರಿದು ಮಾಡುತ್ತಾರೆ.

"ಬ್ಯಾಡವ್ವಾ. ಹದಿನೈದು ವರ್ಷದಾಗ ನಾ ಕೈ ಹಚ್ಚಿದ ಒಂದು ಮನೀನೂ ಪೇಪರಿನ್ಯಾಗ ಬಂದಿಲ್ಲ. ಮುಂದೂ ಹಂಗೇ ಇದ್ದರ ಸಾಕು."