ನೀಲಪ್ಪನ ಕೆಂಪು ದೀಪ

ನೀಲಪ್ಪ ತೀರಿಕೊಂಡದ್ದು ಎಂಬತ್ತಾರನೇ ಇಸವಿಯ ಶ್ರಾವಣದಲ್ಲಿ, ನಾಲ್ಕು ದಿನದ ಜ್ವರಕ್ಕೆ. ಡ್ರೈವರ್ ಕೆಲಸ ಬಿಟ್ಟ ಮೇಲಿನ ಐದು ವರ್ಷ ಅವನು ಹೊಂಬಳದಲ್ಲಿ ಅಣ್ಣನ ಶೇಂಗಾ ಹೊಲ ನೋಡಿಕೊಂಡು ಸುಮ್ಮನಿದ್ದ. ಅವನ ಮಣ್ಣು ಮುಗಿಸಿ ಬಸ್ಸಿನಲ್ಲಿ ಬೆಟಗೇರಿಗೆ ಮರಳುವಾಗ ಗೆಳೆಯ ಮಹಬೂಬಸಾಬನಿಗೆ ಇಂಜಿನ್ನಿನ ಸಪ್ಪಳ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಒಂದು ಕಾಲಕ್ಕೆ ಇಂಥ ಸಪ್ಪಳ ಕೇಳಿಯೇ ಇಂಜಿನ್ನಿನ ದೋಷ ಹಿಡಿದು, ಕೂತಲ್ಲಿಂದಲೇ "ಒಂದು ಪ್ಲಗ್ ಹೊಡಿಯವಲ್ದು ನೋಡು" ಎನ್ನುತ್ತಿದ್ದವನು ನೀಲಪ್ಪ.

ಅವನು ಗದಗಿನ ರಾಮಚಂದ್ರ ವಕೀಲರ ಅಂಬಾಸಿಡರ್ ಓಡಿಸುತ್ತಿದ್ದ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಂದು ವಕೀಲರ ತಿರುಗಾಟ ಬಹಳ. ಡ್ರೈವರ್ ಆಗುವ ಮೊದಲು ಹತ್ತು ವರ್ಷ ಹತ್ತಿಯ ಬೀಜ ಬಿಡಿಸುವ ಜಿನ್ನಿನಲ್ಲಿ, ಯಂತ್ರದ ಮಗ್ಗುಲಲ್ಲೇ ದುಡಿದಿದ್ದ. ಆ ಗದ್ದಲ ಒಳಗೊಳಗೇ ಏನು ಮಾಡಿತ್ತೋ, ಎಪ್ಪತ್ತಾರರ ಹೊತ್ತಿಗೆ ಕಿವಿ ಮಂದವಾಗತೊಡಗಿತು.

ಅದನ್ನು ಮೊದಲು ಗುರುತಿಸಿದವನು ಮಹಬೂಬಸಾಬ. ಬೆಟಗೇರಿಯಲ್ಲಿ ಅವನದು ಗಾಡಿಗಳ ವೈರಿಂಗ್ ಕೆಲಸದ ಅಂಗಡಿ. ಒಂದು ದಿನ ಅಂಗಡಿ ಮುಂದೆ ನೀಲಪ್ಪ, ಚಾಲೂ ಇದ್ದ ಇಂಜಿನ್ನನ್ನೇ ಮತ್ತೊಮ್ಮೆ ಚಾಲೂ ಮಾಡಲು ಸೆಲ್ಫ್ ಹೊಡೆದ. ಕರ್ರೆಂದು ಹಲ್ಲು ಕಡಿದ ಸಪ್ಪಳಕ್ಕೆ ಬೀದಿಯೇ ತಿರುಗಿ ನೋಡಿತು. ನೀಲಪ್ಪ ತಿರುಗಲಿಲ್ಲ.

ಮಹಬೂಬಸಾಬ ಕಿಟಕಿಗೆ ಬಂದು ಕೂಗಿದ. "ಲೇ ನೀಲ್ಯಾ, ಕಿವಿಯಾಗ ಜಿನ್ನಿನ ಅರಳಿ ತುಂಬ್ಕೊಂಡು ಬಂದೀಯೇನಲೇ?"

ನೀಲಪ್ಪ ಅವನ ತುಟಿ ನೋಡಿ ನಕ್ಕ. ಆಮೇಲೆ ಮುಖ ಇಳಿಯಿತು. "ವಕೀಲರ ಮುಂದ ಹೇಳಬ್ಯಾಡೋ ದೋಸ್ತ. ಸ್ಟೇರಿಂಗ್ ಬಿಟ್ರ ನನಗ ಮತ್ತೇನ್ ಬರತೈತಿ?"

ಮಹಬೂಬಸಾಬ ಹೇಳಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಆಯಿಲ್ಲಿನ ಕೆಂಪು ದೀಪ ಕಡಲೆಕಾಳಿನಷ್ಟಿತ್ತು. ಬಿಸಿಲಲ್ಲಿ ಕಾಣುತ್ತಲೂ ಇರಲಿಲ್ಲ. ಇಂಜಿನ್ ಕೆಟ್ಟದ್ದು ಕಿವಿಗೆ ಕೇಳಿಸದಿದ್ದರೂ ಕಣ್ಣಿಗೆ ಕಾಣಲೆಂದು ಅದರ ವೈರನ್ನು ಎಳೆದು ಸ್ಟೇರಿಂಗಿನ ಎದುರಿಗೇ ದೊಡ್ಡ ಕೆಂಪು ಬಲ್ಬು ಕೂರಿಸಿದ. ಕಿವಿಯ ಹತ್ತಿರ ಬಾಯಿಟ್ಟು ತಿಳಿಸಿ ಹೇಳಿದ:

"ಇಂಜಿನ್ನಿಗೆ ಒಂದು ಸ್ವಿಚ್ ಐತಿ. ಆಯಿಲ್ಲಿನ ಒತ್ತಡ ಇಲ್ಲದಾಗ ಅದರೊಳಗಿನ ಎರಡು ತಗಡು ಕೂಡಿರ್ತಾವು, ದೀಪ ಹತ್ತತೈತಿ. ಇಂಜಿನ್ ಚಾಲೂ ಆತಂದ್ರ ಆಯಿಲ್ ಒತ್ತಿ ಅವನ್ನ ಬ್ಯಾರೆ ಮಾಡತೈತಿ, ದೀಪ ಆರತೈತಿ. ಹಾದ್ಯಾಗ ಹತ್ತಿದ್ರ ಅಲ್ಲೇ ಬಂದ್ ಮಾಡು. ಮತ್ತ ಚಾವಿ ತಿರುವಿದ ಕೂಡ್ಲೇ ಒಮ್ಮೆ ಹತ್ತಬೇಕು. ಹತ್ತಲಿಲ್ಲಂದ್ರ ಬಲ್ಬೇ ಸತ್ತೈತಿ ಅಂತ ತಿಳ್ಕೊ."

"ಇಷ್ಟು ದೊಡ್ಡ ದೀಪ ಯಾಕೋ?" ಎಂದು ವಕೀಲರು ಕೇಳಿದರು. ನೀಲಪ್ಪ ಕನ್ನಡಿಯನ್ನು ಅವರ ಬಾಯಿ ಕಾಣುವಂತೆ ತಿರುಗಿಸಿಕೊಂಡಿದ್ದ. "ಬಿಸಿಲಾಗ ಕಾಣವಲ್ದಾಗಿತ್ರಿ" ಎಂದ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಶಿರಹಟ್ಟಿಯಿಂದ ಬರುವಾಗ ಕಲ್ಲೊಂದು ಬಡಿದು ಇಂಜಿನ್ನಿನ ಅಡಿಯ ಆಯಿಲ್ ಚೇಂಬರ್ ಸೀಳಿ, ಆಯಿಲ್ ಸೋರಿಹೋಯಿತು. ದೀಪ ಹತ್ತಿತು. ನೀಲಪ್ಪ ಅದೇ ಗಳಿಗೆಗೆ ಇಂಜಿನ್ ಬಂದ್ ಮಾಡಿ ಗಾಡಿಯನ್ನು ಬದಿಗೆ ತಂದ. ಇನ್ನೊಂದು ಮೈಲಿ ಓಡಿದ್ದರೆ ಇಂಜಿನ್ ಜಾಮ್ ಆಗುತ್ತಿತ್ತು. ವಕೀಲರು ಬಾರ್ ರೂಮಿನಲ್ಲಿ ಎಲ್ಲರಿಗೂ ಹೇಳಿದರು: "ಏನ್ ಕಿವಿ ಅವಂದು! ನಮಗ ಏನೂ ಕೇಳಸಲಿಲ್ಲ, ಅವಗ ಕೇಳಿಸ್ತು." ಇದನ್ನು ಹೇಳಿ ನೀಲಪ್ಪ ಅಂಗಡಿಯಲ್ಲಿ ಕಣ್ಣೀರು ಬರುವಷ್ಟು ನಕ್ಕಿದ್ದ. ಮಹಬೂಬಸಾಬನೂ ನಕ್ಕಿದ್ದ.

ಎರಡು ವರ್ಷದ ನಂತರ ಒಂದು ಮುಂಜಾನೆ, ವಕೀಲರ ಮನೆಯ ಅಂಗಳದಲ್ಲಿ ನೀಲಪ್ಪ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ. ವಕೀಲರ ತಾಯಿ ಭಾಗೀರಥಿಬಾಯಿ ಕೊಡ ಪಕ್ಕಕ್ಕಿಟ್ಟು ತುಳಸಿಗೆ ನೀರು ಹಾಕುತ್ತಿದ್ದರು. "ನೀಲಪ್ಪಾ, ನಿಂದ್ರಸೋ!" ಎಂದು ಮೂರು ಸಲ ಕೂಗಿದರು. ಒಳಗಿದ್ದವರಿಗೆಲ್ಲ ಕೇಳಿಸಿತು. ಗಾಲಿಯ ಕೆಳಗೆ ಏನೋ ಉಬ್ಬಿ ಇಳಿದಾಗ ನೀಲಪ್ಪ ನಿಲ್ಲಿಸಿದ. ತಾಮ್ರದ ಕೊಡ ಚಪ್ಪಟೆಯಾಗಿ ಬಿದ್ದಿತ್ತು. ಮುದುಕಿ ಗೇಣು ದೂರದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದರು.

"ಹೋಗ್ಲಿ ಬಿಡೋ, ಕೊಡ ಹೋದ್ರ ಹೋತು" ಎಂದರು ಅವರೇ.

ನೀಲಪ್ಪ ಅವರ ತುಟಿ ನೋಡಿ, ಎರಡೂ ಕೈಯಲ್ಲಿ ಚಾವಿಯನ್ನು ವಕೀಲರ ಮುಂದೆ ಹಿಡಿದ. "ನನಗ ಕಿವಿ ಇಲ್ರಿ ಸಾಹೇಬ್ರ. ಐದು ವರ್ಷ ಆತ್ರಿ. ಶಿರಹಟ್ಟಿ ಹಾದ್ಯಾಗ ನಾ ಏನೂ ಕೇಳಿರಲಿಲ್ರಿ, ದೀಪಾ ನೋಡಿದ್ನಿ." ದೀಪ ಕೂರಿಸಿದವನಿಗೆ ಗುಟ್ಟು ಗೊತ್ತಿತ್ತೆಂದು ಮಾತ್ರ ಹೇಳಲಿಲ್ಲ. ವಕೀಲರಿಗೆ ಚಾವಿ ತೆಗೆದುಕೊಳ್ಳಲು ಬಹಳ ಹೊತ್ತು ಹಿಡಿಯಿತು.

ಸುದ್ದಿ ತಿಳಿದ ಆ ಸಂಜೆ ಮಹಬೂಬಸಾಬ ಊಟ ಮಾಡಲಿಲ್ಲ. ಇಂಜಿನ್ನಿಗೆ ದೀಪ ಇಟ್ಟು, ಗಾಡಿಯ ಹಿಂದೆ ನಿಂತವರ ಬಗ್ಗೆ ತಾನು ಒಮ್ಮೆಯೂ ಯೋಚಿಸಿರಲಿಲ್ಲವೆಂದು ಹೆಂಡತಿ ಜೈಬುನ್ನೀಸಾಳ ಎದುರು ಹೇಳಿಕೊಂಡ.

ವಾರದ ಮೇಲೆ ಹೊಸ ಡ್ರೈವರ್ ಬಂದ. ನಾಗಾವಿಯ ಸಕ್ರಪ್ಪ, ಇಪ್ಪತ್ತೈದರ ಪ್ರಾಯ. ಗಾಡಿ ಒಪ್ಪಿಸಲೆಂದು ನೀಲಪ್ಪ ಅವನನ್ನು ಬೆಟಗೇರಿಗೆ, ಮಹಬೂಬಸಾಬನ ಅಂಗಡಿಗೆ ಕರೆತಂದ. ಪಕ್ಕದ ಸೀಟಿನಲ್ಲಿ ಕೂತು, ಚಾವಿ ತಿರುವಿಸಿ, ಬೆರಳು ಮಾಡಿ ತೋರಿಸಿದ. "ಈಗ ಹತ್ತಿತಲ್ಲ, ಬಲ್ಬ್ ಜೀವಂತ ಐತಿ ಅಂತ. ಇನ್ನ ಸೆಲ್ಫ್ ಹೊಡಿ. ಆರಿತಲ್ಲ, ಆಯಿಲ್ ಏರೈತಿ ಅಂತ. ಹಾದ್ಯಾಗ ಹತ್ತಿತಂದ್ರ ವಕೀಲರು ಏನ ಅನ್ಲಿ, ಬಂದ್ ಮಾಡಿಬಿಡು ತಮ್ಮಾ."

ಸಕ್ರಪ್ಪ ಆ ಕಡೆ ಮುಖ ತಿರುಗಿಸಿ, "ನನಗ ದೀಪ ಯಾಕ ಬೇಕೋ ಮಾರಾಯ, ನನ್ನ ಕಿವಿ ಚಲೋ ಅದಾವು" ಎಂದ.

ಅವನ ತುಟಿ ಕಾಣದೆ ನೀಲಪ್ಪ, ಅವನು ಒಪ್ಪಿಕೊಂಡನೆಂದೇ ತಿಳಿದು ಬೆನ್ನು ತಟ್ಟಿದ. "ಶ್ಯಾಣ್ಯಾ ಇದ್ದಾನ, ಜಲ್ದಿ ಕಲಿತಾನ" ಎಂದು ಮಹಬೂಬಸಾಬನ ಕಡೆ ನೋಡಿದ. ಸಕ್ರಪ್ಪನ ಮಾತು ಕೇಳಿಸಿಕೊಂಡಿದ್ದ ಮಹಬೂಬಸಾಬ ಹೌದೆಂದು ತಲೆಯಾಡಿಸಿ, ಬಾನೆಟ್ ಎತ್ತಿ ಅದರ ಹಿಂದೆ ಮುಖ ಮರೆಮಾಡಿಕೊಂಡ.