ಅವಳ ಸ್ವರ ಅವಳಿಗೇ ಕೇಳಿದ ದಿನ

ನನ್ನ ಹೆಂಡತಿ ಇವತ್ತು ಹಾಡಿದಳು! ಬಾಗಿಲು ಹಾಕಿಕೊಂಡು ಅಲ್ಲ, ಬಚ್ಚಲಲ್ಲಿ ಅಲ್ಲ. ಕಾಪುವಿನ ನಮ್ಮ ಮನೆಯ ಚಾವಡಿಯಲ್ಲಿ, ಮಗಳು, ಅಳಿಯ, ಮೊಮ್ಮಗಳು ಎಲ್ಲ ಕೂತಿರುವಾಗ, ಬಾಯಿ ಬಿಟ್ಟು ಹಾಡಿದಳು. ಅದನ್ನು ಇವತ್ತೇ ಬರೆದಿಡುತ್ತಿದ್ದೇನೆ. ನಾಲ್ಕನೇ ಕ್ಲಾಸು ಮುಗಿಸಿ ಸೀರೆಯ ಮಗ್ಗಕ್ಕೆ ಕೂತವನು ನಾನು. ಅಕ್ಷರದಲ್ಲಿ ತಪ್ಪಿರಬಹುದು, ಸಂತೋಷದಲ್ಲಿ ಇಲ್ಲ.

ಮದುವೆಯಾಗಿ ಬಂದ ಹೊಸತರಲ್ಲಿ ಅವಳ ಶೋಭಾನೆ ಹಾಡಿಗೆಂದೇ ಜನ ಮನೆಗೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಮದುಮಗಳಿಗೆ ಅರಸಿನ ಹಚ್ಚುವಾಗ ಅವಳೇ ಹಾಡಬೇಕು. ಆಮೇಲೆ ಕಾರ್ಕಳದ ಹಾಲ್‌ನಲ್ಲಿ ನಮ್ಮ ಮಗಳ ಮದುವೆಯಾಯಿತು. ಹಾಡುತ್ತಿದ್ದವಳ ಬಾಯಿಗೆ ಯಾರೋ ಮೈಕ್ ಹಿಡಿದರು. ಕಂಬಕ್ಕೆ ಕಟ್ಟಿದ ತಗಡಿನ ಹಾರ್ನಿನಿಂದ ಬಂದದ್ದನ್ನು ಕೇಳಿ ನೆಂಟರೊಬ್ಬರು, "ಎಂತ ಮಾರಾಯ್ರೆ, ಡಬ್ಬಿಯೊಳಗೆ ಕೋಳಿ ಹಾಕಿದ್ದಾ?" ಎಂದರು. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ತನ್ನ ಸ್ವರ ಇರುವುದೇ ಹಾಗೆ ಎಂದು ನಂಬಿಬಿಟ್ಟಳು. ಮತ್ತೆ ಜನರ ಎದುರು ಹಾಡಲೇ ಇಲ್ಲ. ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೂ ಹಾಡಲಿಲ್ಲ. ನನಗೆ ಅದೊಂದು ಕೊರಗು ಉಳಿದಿತ್ತು.

ಆ ಮೊಮ್ಮಗಳು ಈಗ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುತ್ತಾಳೆ. ಈ ಸಲ ರಜೆಗೆ ಬಂದವಳು ನಮ್ಮ ಚಾವಡಿಯಲ್ಲೇ ಕೂತು ಒಂದು ಸ್ಪೀಕರ್ ಮಾಡತೊಡಗಿದಳು. ಅದು ಎಲ್ಲ ಸ್ಪೀಕರಿನ ಹಾಗೆ ಅಲ್ಲ. ಎದೆಯೆತ್ತರದ ಮರದ ಚೌಕಟ್ಟು, ತೂತು ತೂತಿನ ಎರಡು ತಗಡು, ಅವುಗಳ ನಡುವೆ ಯಾವುದಕ್ಕೂ ತಾಗದ ಹಾಗೆ ನೀರುಳ್ಳಿ ಸಿಪ್ಪೆಗಿಂತ ತೆಳುವಾದ ಪ್ಲಾಸ್ಟಿಕ್ ಹಾಳೆ. ಹಾಳೆಯನ್ನು ಬಿಗಿದು, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಬಿಟ್ಟಳು, ಸುಕ್ಕೆಲ್ಲ ಮಾಯ.

"ಇದರಲ್ಲಿ ಸ್ವರ ಎಲ್ಲಿಂದ ಬರ್ತದೆ ಮಾರಾಯ್ತಿ?" ಎಂದು ಕೇಳಿದೆ.

"ಅಜ್ಜ, ಹಗ್ಗಕ್ಕೆ ಒಣಹಾಕಿದ ಸೀರೆಯನ್ನು ನಡುವಿನಲ್ಲಿ ಒಂದು ಬೆರಳಿನಿಂದ ದೂಡಿದರೆ ಎಂತ ಆಗ್ತದೆ?"

"ಅಲ್ಲಿ ಮಾತ್ರ ಉಬ್ಬುತ್ತದೆ. ಅಂಚು ನಿಧಾನಕ್ಕೆ ಬರ್ತದೆ."

"ಗಾಳಿ ಬಂದರೆ?"

"ಇಡೀ ಸೀರೆ ಒಟ್ಟಿಗೆ ಹೋಗ್ತದೆ."

"ಅಷ್ಟೇ! ಬೇರೆ ಸ್ಪೀಕರಿನಲ್ಲಿ ಕಾಗದದ ಕೋನನ್ನು ನಡುವಿನಿಂದ ದೂಡುವುದು. ಇದರಲ್ಲಿ ಹಾಳೆಗೂ ಕರೆಂಟು, ತಗಡಿಗೂ ಕರೆಂಟು. ಒಂದು ತಗಡು ಎಳೆಯುವಾಗ ಇನ್ನೊಂದು ದೂಡುತ್ತದೆ, ಇಡೀ ಹಾಳೆಯನ್ನು ಒಟ್ಟಿಗೆ. ಹಾಳೆಗೆ ಭಾರವೇ ಇಲ್ಲ, ಅಲ್ವಾ? ಸ್ವರ ನಿಂತ ಕೂಡಲೇ ಅದೂ ನಿಲ್ತದೆ. ತನ್ನದು ಅಂತ ಎಂತದ್ದೂ ಸೇರಿಸುವುದಿಲ್ಲ."

ಕಡಲ ಗಾಳಿಯ ತೇವಕ್ಕೆ ಅದು ಮೊದಲು ಚಿಟಿಚಿಟಿ ಎಂದಿತು. ಒರೆಸಿ, ಒಣಗಿಸಿ, ಮತ್ತೆ ಜೋಡಿಸಿದಳು. ನಾನು ಹತ್ತಿರ ಹೋದರೆ ಸಾಕು, "ಅಜ್ಜ, ಮುಟ್ಟಬೇಡಿ, ಶಾಕ್ ಹೊಡೀತದೆ!" ಎಂದು ಗದರುವುದು.

ಪರೀಕ್ಷೆ ಮಾಡಿ ನೋಡಲು ಒಂದು ಸ್ವರ ಬೇಕೆಂದು ಅಜ್ಜಿಯ ಬೆನ್ನು ಬಿದ್ದಳು. "ನನ್ನದಾ? ನಿನ್ನ ಪೆಟ್ಟಿಗೆ ಹಾಳಾದರೆ ನನಗೆ ಹೇಳಬೇಡ" ಎನ್ನುತ್ತಲೇ ಅವಳು ನನ್ನನ್ನು ಹೊರಗೆ ಕಳುಹಿಸಿ, ಅಡುಗೆಕೋಣೆಯಲ್ಲಿ ಸಣ್ಣ ಮೈಕಿನ ಮುಂದೆ ಒಂದು ಶೋಭಾನೆ ಹಾಡಿದಳಂತೆ. ಮೊಬೈಲಿನಲ್ಲಿ ಅದನ್ನು ಕೇಳಿಸಿದಾಗ ಮುಖ ತಿರುಗಿಸಿ, "ನೋಡು, ಅದೇ ಕೋಳಿ" ಎಂದಳು.

ಇವತ್ತು ಮಧ್ಯಾಹ್ನ ಕಾರ್ಕಳದಿಂದ ಮಗಳು, ಅಳಿಯ ಬಂದರು. ಮೊಮ್ಮಗಳು ಸ್ವಿಚ್ ಹಾಕಿದಳು. ಮೊದಲು ಉಸಿರು ಎಳೆದುಕೊಂಡ ಸದ್ದು. ಆಮೇಲೆ ಬಳೆ. ಆಮೇಲೆ ಹಾಡು. ನಾನು ಅಡುಗೆಕೋಣೆಯ ಬಾಗಿಲಿನತ್ತ ತಿರುಗಿದೆ, ಇವಳೇ ಹಾಡುತ್ತಿದ್ದಾಳೆಂದು. ಅವಳು ಬಾಯಿ ಮುಚ್ಚಿ ನಿಂತಿದ್ದಳು! ದಪ್ಪ ಸ್ವರ ಈ ಸ್ಪೀಕರಿನಲ್ಲಿ ಅಷ್ಟು ಬರುವುದಿಲ್ಲವಂತೆ, ಡೋಲು ಬಾರಿಸಿದರೆ ಸಪ್ಪೆಯಂತೆ. ಇರಲಿ. ನನಗೆ ಡೋಲು ಬೇಡ.

"ನೇರ ಎದುರಿಗೆ ಕೂತುಕೋ ಅಜ್ಜಿ, ಬದಿಗೆ ನಿಂತರೆ ಸರಿ ಕೇಳುವುದಿಲ್ಲ" ಎಂದಳು ಮೊಮ್ಮಗಳು.

ಅವಳು ಬಂದು ಕೂತಳು. "ಇದು ನಾನಾ?"

"ಮತ್ತೆ ಯಾರಮ್ಮ?" ಎಂದಳು ಮಗಳು.

"ಇಷ್ಟು ಮೆತ್ತಗೆ ಉಂಟಾ ನನ್ನ ಸ್ವರ?"

ನಾನು ಹೌದು ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

"ನಿಲ್ಲಿಸು, ನಿಲ್ಲಿಸು!"

ನಮಗೆಲ್ಲ ಗಾಬರಿ. ಮೊಮ್ಮಗಳು ಓಡಿ ಹೋಗಿ ನಿಲ್ಲಿಸಿದಳು.

"ಎರಡನೇ ಸಾಲು ತಪ್ಪಿದ್ದೇನೆ. ಎಳೆಯುವುದು ಹಾಗಲ್ಲ. ನಿಮಗೆ ಯಾರಿಗೂ ಕೇಳುವುದಿಲ್ವಾ?"

"ಮತ್ತೆ ಹೇಗೆ ಅಜ್ಜಿ?"

"ಹೀಗೆ" ಎಂದು ಅವಳು ಎರಡನೇ ಸಾಲು ಹಾಡಿದಳು. ಅಲ್ಲಿಗೆ ನಿಲ್ಲಲಿಲ್ಲ, ಮೂರನೆಯದು, ನಾಲ್ಕನೆಯದು, ಹಾಡು ಮುಗಿಯುವವರೆಗೂ. ಅಳಿಯ ಮೊಬೈಲ್ ಕೆಳಗಿಟ್ಟು ಕೇಳಿದ. ಮಗಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆ ಹಾರ್ನು ಅವಳ ಸ್ವರಕ್ಕೆ ತಗಡನ್ನು ಬೆರೆಸಿತ್ತು. ಈ ಹಾಳೆ ಅವಳ ತಪ್ಪನ್ನೂ ಮುಚ್ಚಿಡಲಿಲ್ಲ. ಅದಕ್ಕೇ ಇರಬೇಕು, ಅವಳು ಇದನ್ನು ನಂಬಿದ್ದು.

ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು. ಮಗಳು ಮೆಲ್ಲನೆ ಮಾತು ತೆಗೆದಳು: "ಅಮ್ಮ, ಬನ್ನಂಜೆಯಲ್ಲಿ ನನ್ನ ನಾದಿನಿಯ ಮಗಳ ಮದುವೆ ಉಂಟು. ಹಾಡ್ಲಿಕ್ಕೆ ಬರ್ತೀಯಾ?"

"ಮೈಕ್ ಹತ್ತಿರ ತಂದರೆ ಎದ್ದು ಬರ್ತೇನೆ. ಈಗಲೇ ಹೇಳಿದ್ದೇನೆ."

"ಹಾಗಾದರೆ ಬರ್ತೀಯಾ!"

"ಮಾತಾಡುತ್ತಾ ತಿನ್ನಬೇಡ, ಮುಳ್ಳು ನೋಡು" ಎಂದು ಅವಳು ಮಗಳ ಬಟ್ಟಲಿಗೆ ಇನ್ನೊಂದು ಬಂಗುಡೆ ಮೀನು ಹಾಕಿದಳು. ಯಾವಾಗಲೂ ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವವಳು ಇವತ್ತು ನನ್ನ ಪಕ್ಕದಲ್ಲೇ ಕೂತಳು. ಅನ್ನದ ಪಾತ್ರೆ ನಡುವಿನಲ್ಲಿಟ್ಟು, ಬೇಕಾದವರು ಬೇಕಾದಷ್ಟು ಹಾಕಿಕೊಂಡು ಉಂಡೆವು.